ಪಾಲುಪಟ್ಟಿಯಲ್ಲಿ ಹೆಸರಿಲ್ಲದ ನೆಂಟರು

ಕೃಷಿಕರ ಮನೆಯಲ್ಲಿ ಪಾಲು ಮಾಡುವಾಗ ಬರೆಯುವ ಪಟ್ಟಿಯನ್ನು ನೀವು ನೋಡಿರಬಹುದು. ಫಲ ಬರುವ ಅಡಿಕೆ ಮರ ಇಷ್ಟು, ಎಳೆ ಸಸಿ ಇಷ್ಟು, ತೆಂಗು ಇಷ್ಟು, ಬಾವಿ ಒಂದು, ಪಂಪು ಒಂದು, ಹಟ್ಟಿ ಒಂದು, ತಾಮ್ರದ ಹಂಡೆ ಎರಡು. ಹಂಡೆಯ ಬಾಯಿ ಸೀಳಿದ್ದನ್ನೂ ಬಿಡದೆ ಬರೆಯುತ್ತಾರೆ. ಗುಡ್ಡೆಯ ಸರದಿ ಬಂದಾಗ ಮಾತ್ರ ಒಂದೇ ಸಾಲು: 'ಗುಡ್ಡೆ ನಾಲ್ಕು ಎಕ್ರೆ, ಅದರಲ್ಲಿರುವ ಕಾಡುಮರಗಳ ಸಹಿತ.' ಅಲ್ಲಿಗೆ ಮುಗಿಯಿತು.

ಈ 'ಕಾಡುಮರ' ಎಂಬ ಒಂದು ಶಬ್ದದ ಒಳಗೆ ಎಷ್ಟು ಜನ ಇದ್ದಾರೆ ಎಂಬುದೇ ಈ ಲೇಖನದ ವಿಷಯ. ಜನ ಅಂತಲೇ ಬರೆದಿದ್ದೇನೆ, ಕೈತಪ್ಪಿ ಅಲ್ಲ.

ನಮ್ಮದು ಪುತ್ತೂರು ಕಡೆ. ಮೂರು ಎಕ್ರೆ ತೋಟ, 1500 ಅಡಿಕೆ ಮರ, ತೋಟದ ಬೆನ್ನಿಗೆ ನಾಲ್ಕು ಎಕ್ರೆ ಗುಡ್ಡೆ. ಕುಮ್ಕಿ ಅಲ್ಲ, ವರ್ಗ ಜಾಗವೇ. ಅಪ್ಪ ತೀರಿಕೊಂಡ ಮೇಲೆ ನಾವು ಮೂವರು ಅಣ್ಣತಮ್ಮಂದಿರು ಪಾಲಿಗೆ ಕೂತೆವು. ತೋಟದಲ್ಲಿ ತಕರಾರು ಬರಲಿಲ್ಲ. ಮಾತು ನಿಂತದ್ದು ಗುಡ್ಡೆಯಲ್ಲಿ. ಕಿರಿಯವನಿಗೆ ಸಾಲ ಉಂಟು, ಇಬ್ಬರು ಮಕ್ಕಳ ಓದು ಉಂಟು. ಅಡಿಕೆಗೆ ಧಾರಣೆ ಇರುವಾಗ ಗುಡ್ಡೆಗೆ ಯಂತ್ರ ಇಳಿಸಿ ತಟ್ಟು ಮಾಡಿ ಸಸಿ ಇಡುವುದು ಅವನ ಲೆಕ್ಕ. ಮರದ ವ್ಯಾಪಾರಿಯೊಬ್ಬರು ಬಂದು ಸುತ್ತು ಹಾಕಿ 8 ಲಕ್ಷ ಅಂದರು. ಇಲಾಖೆಯ ಅನುಮತಿ ಮಾಡಿಸುವ ಕೆಲಸವೂ ತಮ್ಮದೇ ಅಂದರು. ಈಗಿನ ಕಾಲದಲ್ಲಿ ತಮ್ಮನ ಲೆಕ್ಕವನ್ನು ತಪ್ಪು ಅನ್ನುವ ಧೈರ್ಯ ಯಾರಿಗುಂಟು? ಅಣ್ಣನಾದ ನಾನು ಕೇಳಿದ್ದು ಇಷ್ಟೇ: 'ಕಡಿಯುವ ಮೊದಲು ಯಾರು ಯಾರು ಇದ್ದಾರೆ ಅಂತ ಒಮ್ಮೆ ಎಣಿಸೋಣ.'

ಎರಡು ಭಾನುವಾರ ಹಿಡಿಯಿತು. ಒಂದು ಅಡಿಗಿಂತ ದಪ್ಪದವು 186 ಮರ. ಜಾತಿ 41. ಅದರಲ್ಲಿ ಆರರ ಹೆಸರು ನಮಗೆ ಮೂವರಿಗೂ ಗೊತ್ತಾಗದೆ ಅಮ್ಮನನ್ನು ಕೇಳಬೇಕಾಯಿತು. ಎಣಿಸುತ್ತ ಹೋದಂತೆ ನಮ್ಮ ನಡುವಿನ ಮಾತಿನ ದಾಟಿ ಬದಲಾಯಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಸೊಪ್ಪಿನ ಲೆಕ್ಕ

ಮೊದಲು ಹೊಟ್ಟೆಯ ಮಾತು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿ ಸೊಪ್ಪು, 12 ಕಿಲೋ ಕಾಂಪೋಸ್ಟ್ ಕೊಡಬೇಕು ಎನ್ನುವುದು ವಿಜ್ಞಾನಿಗಳ ಶಿಫಾರಸು. ಜೊತೆಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ನಮ್ಮ 1500 ಮರಕ್ಕೆ ಸೊಪ್ಪೇ 18 ಟನ್ ಆಯಿತು. ಅಷ್ಟನ್ನೂ ಎಲ್ಲರೂ ಹಾಕುತ್ತಾರೆ ಅಂತಲ್ಲ, ನಾವೂ ಹಾಕುವುದಿಲ್ಲ. ಅರ್ಧ ಹಾಕಿದರೂ 9 ಟನ್. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬನ್ಪು, ಮರುವ, ನೇರಳೆ, ಗೇರು, ಹೆಬ್ಬಲಸು ಇವರೆಲ್ಲ ಸೇರಿ ಕೊಡಬೇಕು.

ನಮ್ಮ ಹಿರಿಯರು ಇದನ್ನು ತಿಳಿದಿದ್ದರು. ಉತ್ತರ ಕನ್ನಡದ 'ಸೊಪ್ಪಿನ ಬೆಟ್ಟ' ಆಗಲಿ, ನಮ್ಮ ದಕ್ಷಿಣ ಕನ್ನಡದ 'ಕುಮ್ಕಿ' ಆಗಲಿ ತೋಟದ ಜೊತೆಗೇ ಹುಟ್ಟಿದ ಏರ್ಪಾಡು. ತೋಟ ಒಂದು ಪಾಲಾದರೆ ಅದನ್ನು ಸಾಕುವ ಕಾಡು ಹಲವು ಪಾಲು ಬೇಕು ಎಂಬ ಅಂದಾಜು ಬ್ರಿಟಿಷರ ಕಂದಾಯದ ಕಡತಕ್ಕೂ ಹತ್ತಿದ್ದು ಹಾಗೆ. ಗುಡ್ಡೆಯೆಂದರೆ ಖಾಲಿ ಜಾಗವಲ್ಲ, ತೋಟದ ಇನ್ನೊಂದು ಅರ್ಧ.

ಇನ್ನೊಂದು ಕೆಲಸ ಬಿಸಿಲಿನದ್ದು. ಮಳೆ ಬಿಟ್ಟ ಮೇಲೆ ನೈಋತ್ಯದಿಂದ ಓರೆಯಾಗಿ ಹೊಡೆಯುವ ಬಿಸಿಲು ಅಡಿಕೆಯ ಎಳೆ ಕಾಂಡವನ್ನು ಸುಡುತ್ತದೆ. ಮೊದಲು ಹಳದಿ ಪಟ್ಟೆ, ಮತ್ತೆ ಕಂದು, ಆಮೇಲೆ ಬಿರುಕು. ಹತ್ತು ವರ್ಷ ಸಾಕಿದ ಮರ ಒಂದು ಗಾಳಿಗೆ ಅಲ್ಲೇ ಮುರಿಯುತ್ತದೆ. ನಮ್ಮ ತೋಟದ ಪಡುದಿಕ್ಕಿನಲ್ಲಿ ಸಾಲಾಗಿ ನಿಂತ ಹನ್ನೊಂದು ಧೂಪ, ಕಿರಾಲುಬೋಗಿ ಮರಗಳಿಂದಾಗಿ ಆ ಬದಿಯ ಅಡಿಕೆಗೆ ನಾವು ಒಮ್ಮೆಯೂ ಸೋಗೆ ಕಟ್ಟಿದವರಲ್ಲ. ವ್ಯಾಪಾರಿಯ ಪಟ್ಟಿಯಲ್ಲಿ ಮೊದಲು ಇದ್ದದ್ದು ಈ ಹನ್ನೊಂದೇ.

ಎಲೆ ಉದುರಿಸುವ ಬುದ್ಧಿ

ಮರಕ್ಕೆ ಬುದ್ಧಿ ಉಂಟಾ ಅಂತ ಕೇಳಿದರೆ ನಾನು ಬನ್ಪುವನ್ನು ತೋರಿಸುತ್ತೇನೆ. ಮಲೆನಾಡಿನವರು ಮತ್ತಿ ಅನ್ನುವುದು ಇದನ್ನೇ. ಶಿವರಾತ್ರಿ ಹತ್ತಿರ ಬರುವಾಗ ನೆಲದ ತೇವ ಆರುತ್ತದೆ. ಎಲೆ ಇಟ್ಟುಕೊಂಡರೆ ನೀರು ಬೇಕು. ಹಾಗಾಗಿ ಎಲೆ ಕಳಚುತ್ತದೆ. ಕಳಚುವ ಮೊದಲು ಎಲೆಯಲ್ಲಿದ್ದ ಸಾರಜನಕ, ರಂಜಕಗಳಲ್ಲಿ ಒಂದು ಭಾಗವನ್ನು ಕೊಂಬೆಗೆ ಹಿಂದೆ ಎಳೆದುಕೊಳ್ಳುತ್ತದೆ. ಎಲೆ ಹಳದಿಯಾಗುವುದು ಅಂದರೆ ಈ ಹಿಂದೆಗೆತ ನಡೆಯುತ್ತಿದೆ ಅಂತ. ದರಗಿಗಿಂತ ಹಸಿ ಸೊಪ್ಪಿಗೆ ಸಾರ ಹೆಚ್ಚು ಅಂತ ನಾವು ಹೇಳುವುದಕ್ಕೂ ಇದೇ ಕಾರಣ.

ಇಲ್ಲಿಗೆ ಮುಗಿಯಲಿಲ್ಲ. ಆ ಉದುರಿದ ದರಗು ಬೀಳುವುದು ಯಾವಾಗ? ನೆಲಕ್ಕೆ ಹೊದಿಕೆ ತೀರಾ ಬೇಕಾದ ಹೊತ್ತಿಗೆ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಗುಡ್ಡೆಯ ದರಗನ್ನು ಕೈಯಲ್ಲಿ ಸರಿಸಿ ನೋಡಿ, ಕೆಳಗೆ ಮಣ್ಣು ತಣ್ಣಗಿರುತ್ತದೆ. ಮೊದಲ ಮಳೆಯ ಹನಿ ಮಣ್ಣಿಗೆ ನೇರ ಬಡಿಯುವುದಿಲ್ಲ, ನೀರು ಓಡುವುದಿಲ್ಲ, ಇಳಿಯುತ್ತದೆ. ನಾವು ಹಣ ಕೊಟ್ಟು ಮಾಡಿಸುವ ಮುಚ್ಚಿಗೆಯನ್ನು ಬನ್ಪು ಸಂಬಳವಿಲ್ಲದೆ ಮಾಡುತ್ತದೆ.

ಧೂಪದ್ದು ಇನ್ನೊಂದು ಜಾಣತನ. ಅದರ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಸತ್ತೇಹೋಗುತ್ತದೆ. ಭತ್ತ, ರಾಗಿಯ ಹಾಗೆ ಕಾಯುವ ಜಾತಿಯಲ್ಲ. ಅದಕ್ಕೇ ಅದು ಕಾಯಿ ಉದುರಿಸುವುದು ಮಳೆಗಾಲದ ಬಾಗಿಲಲ್ಲಿ. ಬಿದ್ದ ವಾರದಲ್ಲೇ ಬೇರು ನೆಲಕ್ಕಿಳಿಯುತ್ತದೆ. ನರ್ಸರಿ ಮಾಡಬೇಕೆಂದಿದ್ದರೆ ಹೆಕ್ಕಿದ ಕೂಡಲೇ ಊರಬೇಕು, 'ಮುಂದಿನ ತಿಂಗಳು ನೋಡುವ' ಅಂದರೆ ಆಗದು. ಪಂಚಾಂಗ ನೋಡದೆಯೇ ಮುಂಗಾರಿನ ತಿಥಿ ತಿಳಿದ ಮರ ಇದು.

ಗಂಡು ಮರವೆಂದು ಕಡಿಯಬೇಡಿ

ಎಣಿಸುವಾಗ ಒಂದು ಪುನರ್ಪುಳಿ ಮರದ ಬುಡದಲ್ಲಿ ನಿಂತು ಎರಡನೆಯ ತಮ್ಮ ಹೇಳಿದ: 'ಇದು ಒಂದು ವರ್ಷವೂ ಕಾಯಿ ಬಿಟ್ಟಿಲ್ಲ, ದಂಡ.' ದಂಡವಲ್ಲ, ಗಂಡು. ಪುನರ್ಪುಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ರಾಮಪತ್ರೆಯದ್ದೂ ಹಾಗೆಯೇ. ಸಸಿಯಾಗಿರುವಾಗ ಯಾವುದು ಯಾವುದೆಂದು ನೋಡಿ ಹೇಳಲು ಬರುವುದಿಲ್ಲ, ಹೂ ಬಿಡುವ ತನಕ ಕಾಯಬೇಕು. ಇದಕ್ಕೇ ಈಗ ಹೆಣ್ಣು ಮರದ ಕುಡಿ ತಂದು ಕಸಿ ಮಾಡುತ್ತಾರೆ. ಆದರೆ ಹೆಣ್ಣು ಮರ ಸಾಕಷ್ಟಿದೆ, ಗಂಡು ಯಾಕೆ ಅಂತ ಎಲ್ಲವನ್ನೂ ಕಡಿದರೆ ಪರಾಗ ಎಲ್ಲಿಂದ ಬರಬೇಕು? ಕಾಯಿ ಬಿಡದ ಮರಕ್ಕೂ ಸಂಸಾರದಲ್ಲಿ ಪಾಲುಂಟು.

ಕಾಟುಮಾವಿನದು ಬೇರೆ ಕತೆ. ನಮ್ಮ ಗುಡ್ಡೆಯಲ್ಲಿ ಐದು ಕಾಟುಮಾವು. ಐದರ ರುಚಿ ಐದು. ಒಂದು ಗೊಜ್ಜಿಗೆ, ಒಂದು ಸಾಸಿವೆಗೆ, ಒಂದು ಮಿಡಿ ಉಪ್ಪಿನಕಾಯಿಗೆ. ಇನ್ನೊಂದರ ಹಣ್ಣು ಮಕ್ಕಳು ಮರದ ಬುಡದಲ್ಲೇ ಚೀಪಿ ಮುಗಿಸುವಂಥದ್ದು. ಐದನೆಯದು ತೀರಾ ಹುಳಿ, ಅದನ್ನು ಅಮ್ಮ ಒಣಗಿಸಿ ಇಡುತ್ತಾರೆ. ಪಶ್ಚಿಮ ಕರಾವಳಿಯ ಎಷ್ಟೋ ಮಾವುಗಳಲ್ಲಿ ಒಂದು ವಿಶೇಷ ಉಂಟು: ಒಂದೇ ಗೊರಟಿನಿಂದ ಎರಡು, ಮೂರು ಸಸಿ ಏಳುತ್ತವೆ. ಅದರಲ್ಲಿ ಒಂದು ತಂದೆತಾಯಿ ಕೂಡಿ ಹುಟ್ಟಿದ್ದಾದರೂ ಉಳಿದವು ತಾಯಿಯ ಅಂಶದಿಂದಲೇ ಎದ್ದು ತದ್ವತ್ ತಾಯಿಯಂತೆ ಇರುತ್ತವೆ. ಹಾಗಾಗಿ ಕೆಲವು ಕಾಟುಮಾವುಗಳು ಕಸಿಯ ಹಂಗಿಲ್ಲದೆ ಗುಣ ಉಳಿಸಿಕೊಂಡಿವೆ. ಎಲ್ಲಾ ಮರ ಹೀಗಲ್ಲ. ನಿಮ್ಮ ಮರದ ಗೊರಟು ಊರಿ ಎಷ್ಟು ಕುಡಿ ಬರುತ್ತದೆಂದು ನೋಡಿದರೆ ನಿಮಗೇ ತಿಳಿಯುತ್ತದೆ.

ಹಲಸು ಹೀಗಲ್ಲ. ಬೀಜದಿಂದ ಬಂದ ಹಲಸು ತಾಯಿಯ ಹಾಗಿರುವ ಭರವಸೆ ಇಲ್ಲ. ಹಾಗಾಗಿ ಒಳ್ಳೆಯ ಹಲಸಿನ ಮರವೊಂದು ಹೋದರೆ ಆ ರುಚಿ ಲೋಕದಿಂದಲೇ ಹೋಯಿತು. ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ಚೇಳೂರಿನಲ್ಲಿ ಕೃಷಿಕರೊಬ್ಬರ ಜಾಗದಲ್ಲಿದ್ದ ಕೆಂಪು ತೊಳೆಯ ಹಲಸಿನ ಮರವೊಂದನ್ನು ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿತು. 2017ರಲ್ಲಿ ಆ ರೈತರೊಡನೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡಲು ತೊಡಗಿದರು. ತಳಿಗೆ ಇಟ್ಟ ಹೆಸರು 'ಸಿದ್ದು'. ಅದು ಮರ ನೆಟ್ಟ ತಂದೆ ಸಿದ್ದಪ್ಪನವರ ನೆನಪಿಗೆ. ಕಸಿ ಗಿಡ ಮಾರಿದ ಹಣದಲ್ಲಿ ದೊಡ್ಡ ಪಾಲು ಮರದ ಯಜಮಾನರಿಗೆ. ಒಂದು ಮರ ಅಪ್ಪನ ಹೆಸರನ್ನೂ ಉಳಿಸಿತು, ಮಗನ ಕೈಗೂ ಕೊಟ್ಟಿತು. ಆ ಮರ ಯಾವಾಗಲೋ ಸೌದೆಯಾಗಿದ್ದರೆ?

ತಾಯಿಮರ ಅಂದ ಕೂಡಲೇ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ ನೆನಪಾಗಬೇಕು. ಹಾಲಕ್ಕಿ ಒಕ್ಕಲು ಹೆಂಗಸು, ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದರು. ಕಾಡಿನಲ್ಲಿ ನಡೆಯುತ್ತ ಯಾವ ಮರದ ಬೀಜ ಒಳ್ಳೆಯದು, ಯಾವ ವಾರ ಹೆಕ್ಕಬೇಕು ಎಂದು ಹೇಳುವ ಕಣ್ಣು ಅವರದ್ದು. ಪದ್ಮಶ್ರೀ ಪಡೆಯಲು ಬರಿಗಾಲಲ್ಲಿ ನಡೆದು ಹೋದ ಚಿತ್ರ ಎಲ್ಲರೂ ನೋಡಿದ್ದೇವೆ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಮಾಗಡಿ ಕಡೆಯ ಹುಲಿಕಲ್ಲಿನ ತಿಮ್ಮಕ್ಕ ಮಕ್ಕಳಿಲ್ಲದ ಮನೆಯಲ್ಲಿ ಆಲದ ಸಸಿಗಳನ್ನೇ ಮಕ್ಕಳೆಂದು ಗಂಡನ ಜೊತೆ ನೀರು ಹೊತ್ತು ಸಾಕಿದರು. ಹುಲಿಕಲ್ಲಿನಿಂದ ಕುದೂರಿನವರೆಗಿನ ಸಾಲು ಇಂದಿಗೂ ನೆರಳು ಕೊಡುತ್ತಿದೆ. ತಿಮ್ಮಕ್ಕ 2025ರ ನವೆಂಬರಿನಲ್ಲಿ ಹೋದರು. ಇವರಿಬ್ಬರೂ ಮರವನ್ನು ನೆಂಟರೆಂದು ಬರಿದೇ ಬಾಯಲ್ಲಿ ಹೇಳಿದವರಲ್ಲ. ನೀರು ಹೊತ್ತರು, ಬೀಜ ಹೆಕ್ಕಿದರು.

ಗೋಳಿಯ ಒಳಮನೆ

ನಮ್ಮಲ್ಲಿ ಗೋಳಿ ಮರವನ್ನು ವ್ಯಾಪಾರಿ ತಿರುಗಿಯೂ ನೋಡಲಿಲ್ಲ. ಹಲಗೆಗೆ ಬಾರದು. ಆದರೆ ಎಲ್ಲಕ್ಕಿಂತ ಹೆಚ್ಚು ಜನ ಉಣ್ಣುವ ಮನೆ ಅದುವೇ.

ಗೋಳಿ, ಅತ್ತಿ, ಅಶ್ವತ್ಥ, ಬಸರಿ ಇವುಗಳ ಹೂ ಹೊರಗೆ ಕಾಣದು. ನಾವು ಕಾಯಿ ಅನ್ನುವುದರ ಒಳಗೇ ಹೂ. ಅದರೊಳಗೆ ಹೋಗಿ ಪರಾಗಸ್ಪರ್ಶ ಮಾಡುವುದು ಸಾಸಿವೆಗಿಂತ ಚಿಕ್ಕದೊಂದು ಕಣಜ. ಒಂದೊಂದು ಜಾತಿಗೆ ಹೆಚ್ಚಾಗಿ ಅದರದ್ದೇ ಆದ ಕಣಜ, ಅತ್ತಿಯದ್ದು ಗೋಳಿಗೆ ಆಗದು. ದೊಡ್ಡದಾದ ಮೇಲೆ ಅದರ ಆಯುಷ್ಯ ಒಂದೆರಡು ದಿನ. ಅಷ್ಟರೊಳಗೆ ಸರಿಯಾದ ಹದದ ಕಾಯಿರುವ ಇನ್ನೊಂದು ಗೋಳಿ ಅದಕ್ಕೆ ಸಿಗಬೇಕು. ಅದಕ್ಕೇ ಊರಿನ ಗೋಳಿಗಳೆಲ್ಲ ಒಟ್ಟಿಗೆ ಕಾಯಿ ಬಿಡುವುದಿಲ್ಲ. ಒಂದರದ್ದು ಮುಗಿಯುವಾಗ ಇನ್ನೊಂದರದ್ದು. ಹಾಗಾಗಿ ಕಾಡಿನಲ್ಲಿ ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಎಲ್ಲೋ ಒಂದು ಗೋಳಿಯಲ್ಲಿ ಊಟ ಇರುತ್ತದೆ. ಮಂಗಟ್ಟೆ, ಕುಟುರ, ಕಾಮಳ್ಳಿ, ಬಾವಲಿ, ಮಂಗ ಎಲ್ಲಾ ಅಲ್ಲಿಗೆ ಬರುತ್ತವೆ.

ಮಂಗನ ಕಾಟದ ಬಗ್ಗೆ ನಾವು ದಿನಾ ಬೊಬ್ಬೆ ಹೊಡೆಯುತ್ತೇವೆ. ಗೋಳಿಯನ್ನು ಉಳಿಸಿದರೆ ಮಂಗ ತೋಟಕ್ಕೆ ಬರುವುದೇ ಇಲ್ಲ ಅಂತ ನಾನು ಹೇಳಲಾರೆ, ಬರುತ್ತದೆ. ಆದರೆ ಅದರ ಊಟದ ಬಟ್ಟಲು ಕಡಿದುಹಾಕಿ, ಅದು ನಮ್ಮ ಬಟ್ಟಲಿಗೆ ಕೈಹಾಕಿತು ಅಂತ ದೂರುವುದು ಯಾವ ನ್ಯಾಯ?

ಪೊಳ್ಳು ಮರದ ಬೆಲೆ

ಗುಡ್ಡೆಯ ಕೆಳಬದಿಯಲ್ಲಿ ಒಂದು ಶಾಂತಿ ಮರ ಉಂಟು, ತಾರೆ ಅಂತಲೂ ಹೇಳುತ್ತಾರೆ. ತ್ರಿಫಲೆಯ ಮೂರರಲ್ಲಿ ಒಂದು ಇದರ ಕಾಯಿ. ಮೂರು ಜನ ಕೈಕೈ ಹಿಡಿದರೂ ಬುಡ ತಬ್ಬಲು ಸಾಲದು. ವ್ಯಾಪಾರಿ ಕತ್ತಿಯ ಹಿಂಬದಿಯಿಂದ ಬಡಿದು, 'ಪೊಳ್ಳು' ಅಂದು ಬೆಲೆ ಸೊನ್ನೆ ಹಾಕಿದರು.

1991-92ರಲ್ಲಿ ದಕ್ಷಿಣ ಭಾರತದ ಜೇನಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದದ್ದು ಹಳೆಯ ಜೇನುಕೃಷಿಕರಿಗೆ ಮರೆತಿರಲಾರದು. ಮರಿಹುಳಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ತುಡುವೆ ಪೆಟ್ಟಿಗೆ ಸಾಲುಸಾಲಾಗಿ ಖಾಲಿಯಾದವು. ಅಪ್ಪನ 14 ಪೆಟ್ಟಿಗೆಯಲ್ಲಿ ಒಂದೂ ಉಳಿಯಲಿಲ್ಲ. ಖಾಲಿ ಪೆಟ್ಟಿಗೆಗಳನ್ನು ಅಪ್ಪ ಸೌದೆ ಕೊಟ್ಟಿಗೆಯ ಅಟ್ಟಕ್ಕೆ ಹಾಕಿ ನಾಲ್ಕು ವರ್ಷ ಅತ್ತ ನೋಡಲೇ ಇಲ್ಲ. ಮತ್ತೆ ಜೇನು ಬಂದದ್ದು ಎಲ್ಲಿಂದ? ಇದೇ ಶಾಂತಿ ಮರದ ಪೊಟರೆಯಿಂದ. ಆ ಕಷ್ಟದಲ್ಲೂ ಕಾಡಿನ ಪೊಟರೆಗಳಲ್ಲಿ ಅಲ್ಲೊಂದು ಇಲ್ಲೊಂದು ಕುಟುಂಬ ಬದುಕಿ ಉಳಿದಿತ್ತು. ರೋಗವನ್ನು ತಾಳಿಕೊಂಡವು ಅವು. ಅಪ್ಪ ಅಲ್ಲಿಂದ ಒಂದು ಕುಟುಂಬ ಹಿಡಿದಾಗ ಕೆಳಗೆ ನಿಂತು ಹೊಗೆ ಹಾಕಿದವನು ಇದೇ ಕಿರಿಯ ತಮ್ಮ. ಆಗ ಅವನಿಗೆ ಹತ್ತು ವರ್ಷ. ಇಂದು ನಮ್ಮಲ್ಲಿರುವ 22 ಪೆಟ್ಟಿಗೆಯೂ ಆ ವಂಶದ್ದೇ.

ಈಗ ಆ ಪೊಟರೆಯ ಮೇಲಿನ ಇನ್ನೊಂದು ತೂತಿನಲ್ಲಿ ಮಂಗಟ್ಟೆ ಸಂಸಾರ ಮಾಡುತ್ತದೆ. ಹೆಣ್ಣು ಒಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ಒಂದು ಸಣ್ಣ ಸೀಳು ಮಾತ್ರ ಬಿಟ್ಟು. ಗಂಡು ವಾರಗಟ್ಟಲೆ ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ಗಟ್ಟಿ ಮರದಲ್ಲಿ ಈ ಹಕ್ಕಿಗೆ ಮನೆ ಇಲ್ಲ, ಅದಕ್ಕೆ ಹಳೆಯ ಪೊಳ್ಳು ಮರವೇ ಬೇಕು. ಮರ ಮುದಿಯಾದ ಮೇಲೂ ಕೆಲಸಕ್ಕೆ ಬಾರದ್ದಲ್ಲ, ಮುದಿಯಾದ ಮೇಲೆಯೇ ಕೆಲವರ ಕೆಲಸಕ್ಕೆ ಬರುತ್ತದೆ. ಮನೆಯ ಹಿರಿಯರ ಹಾಗೆ ಅಂತ ನಾನು ಹೇಳಿದರೆ ಅತಿಯಾಯಿತು ಅನ್ನಬೇಡಿ.

ಕಬ್ಬಿಣ ತಾಗಿಸದ ಮರ

ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲಿ ಪಾಲೆ ಮರದ ತೊಗಟೆ ತಂದು, ಕಾಳುಮೆಣಸು, ಓಮ, ಬೆಳ್ಳುಳ್ಳಿ ಹಾಕಿ ಕಷಾಯ ಕುಡಿಯುವುದು ತುಳುನಾಡಿನ ಕ್ರಮ. ಕನ್ನಡದಲ್ಲಿ ಹಾಲೆ, ಸಪ್ತಪರ್ಣಿ ಅನ್ನುವ ಮರ. ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕು, ಕತ್ತಿ ತಾಗಿಸಬಾರದು. ಮೂಢನಂಬಿಕೆ ಅಂತ ನಗುವವರಿದ್ದಾರೆ. ನನಗೆ ಅದರಲ್ಲಿ ಒಂದು ನ್ಯಾಯ ಕಾಣುತ್ತದೆ: ಕಲ್ಲಿನಿಂದ ಎಷ್ಟು ತೊಗಟೆ ತೆಗೆದಾನು ಮನುಷ್ಯ? ಒಂದು ಹಿಡಿ. ಕತ್ತಿ ಕೊಟ್ಟರೆ ಸುತ್ತಲೂ ಸುಲಿದಾನು, ಸುತ್ತ ಸುಲಿದರೆ ಮರ ಸತ್ತಿತು. ನೆಂಟರ ಮನೆಗೆ ಹೋದರೆ ಎಷ್ಟು ಉಣ್ಣಬೇಕು ಅನ್ನುವ ಮರ್ಯಾದೆ ಇದು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಕತ್ತಲಲ್ಲಿ ಪಾಲೆ ಎಂದು ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ. ಹಾಗೆ ಜೀವ ಹೋದದ್ದೂ ಉಂಟು. ಹಿಂದಿನ ದಿನ ಬೆಳಕಿನಲ್ಲೇ ಮರ ನೋಡಿ ಗುರುತು ಮಾಡಿ. ಪಾಲೆಯ ಎಲೆ ಒಂದು ಗಂಟಿನಲ್ಲಿ ಸುತ್ತಲೂ ಏಳರ ಸುಮಾರಿಗೆ ಇರುತ್ತದೆ, ಗೀರಿದರೆ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆ ಎದುರುಬದುರು ಜೋಡಿ, ಹಾಲಿಲ್ಲ. ಗೊತ್ತಿದ್ದವರ ಜೊತೆಯೇ ಹೋಗಿ. ಮರದ ನೆಂಟಸ್ತಿಕೆ ಅಂದರೆ ಮೊದಲು ಗುರುತು ಹಿಡಿಯುವುದು.

ನಾಗಬನದ ವಿಷಯವೂ ಹೀಗೆಯೇ. ಹಿರಿಯರು ಕೊಡಲಿ ಹಾಕಬೇಡಿ ಅಂದ ತುಣುಕು ಕಾಡಿನಲ್ಲಿ ಈಗ ಎಷ್ಟೋ ಕಡೆ ಮರ ಕಡಿದು ಸಿಮೆಂಟು ಕಟ್ಟೆ, ಟೈಲ್ಸು ಬಂದಿವೆ. ಬನ ಹೋಗಿ ನಾಗ ಮಾತ್ರ ಉಳಿದ. ನಮ್ಮ ಬನದಲ್ಲಿ ಒಂದು ಸುರಗಿ, ಎರಡು ನೇರಳೆ, ತೊಡೆ ದಪ್ಪದ ಬೀಳಲು ಬಳ್ಳಿ ಈಗಲೂ ಇವೆ. ಅವನ್ನು ಉಳಿಸಿದ್ದು ಭಯವೋ ಭಕ್ತಿಯೋ, ಉಳಿದದ್ದು ಒಳ್ಳೆಯದಾಯಿತು.

ಮರ ಮಾತಾಡುತ್ತದಾ?

ಪಿಯುಸಿ ಓದುವ ಮಗಳು, 'ಮರಗಳು ಬೇರಿನ ಬೂಸ್ಟಿನ ಮೂಲಕ ಮಾತಾಡ್ತವಂತೆ ಅಪ್ಪಾ' ಅಂದಳು. ಕೆನಡಾದ ಸುಝೇನ್ ಸಿಮಾರ್ಡ್ ಎಂಬ ವಿಜ್ಞಾನಿ ತಂಡ 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಇದರ ಮೂಲ. ಬರ್ಚ್ ಮತ್ತು ಡಗ್ಲಾಸ್ ಫರ್ ಎಂಬ ಎರಡು ಜಾತಿಯ ಗಿಡಗಳ ನಡುವೆ ಇಂಗಾಲ ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನು ಅವರು ತೋರಿಸಿದರು. ಬೇರಿಗೆ ಅಂಟಿ ಬಾಳುವ ಶಿಲೀಂಧ್ರ ಮರಕ್ಕೆ ರಂಜಕ, ನೀರು ತಂದುಕೊಟ್ಟು ಸಕ್ಕರೆ ಪಡೆಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ತಾಯಿಮರ ತನ್ನ ಮಕ್ಕಳನ್ನು ಗುರುತಿಸಿ ಉಣಿಸುತ್ತದೆ, ಅಪಾಯದ ಸುದ್ದಿ ಕಳಿಸುತ್ತದೆ ಎಂಬ ಮಾತುಗಳಿಗೆಲ್ಲ ಕಾಡಿನಲ್ಲಿ ಸಿಕ್ಕ ಪುರಾವೆ ಸಾಲದು ಅಂತ 2023ರಲ್ಲಿ ಅದೇ ವಿಷಯದ ಬೇರೆ ವಿಜ್ಞಾನಿಗಳು ಎಚ್ಚರಿಸಿದ್ದಾರೆ.

ನಮಗೆ ಕೃಷಿಕರಿಗೆ ಇದರಿಂದ ನಷ್ಟವಿಲ್ಲ. ಮರ ಮನುಷ್ಯರ ಹಾಗೆ ಮಾತಾಡಿದರೆ ಮಾತ್ರ ನೆಂಟ ಅಂತ ಯಾರು ಹೇಳಿದ್ದು? ಹಟ್ಟಿಯ ದನ ಮಾತಾಡುತ್ತದಾ? ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಒಂದು ಆಯುಷ್ಯದಲ್ಲಿ ಮುಗಿಯದೆ ಮುಂದಿನವರಿಗೂ ದಾಟುತ್ತದಲ್ಲ, ನೆಂಟಸ್ತಿಕೆ ಅಂದರೆ ಅದು. ಅಜ್ಜ ನೆಟ್ಟ ಹೆಬ್ಬಲಸಿನ ಹಲಗೆ ನಮ್ಮ ಬಾಗಿಲಾಗಿದೆ. ನಾವು ನೆಟ್ಟದ್ದು ಯಾರ ಬಾಗಿಲಾಗುತ್ತದೋ ನಮಗೆ ತಿಳಿಯದು. ವ್ಯಾಪಾರದ ಲೆಕ್ಕ ಸಂಜೆಗೆ ಮುಗಿಯುತ್ತದೆ, ಇದು ಮುಗಿಯುವುದಿಲ್ಲ.

ಕೊನೆಗೆ ನಾವು ಮಾಡಿದ ಪಾಲು

ಪಟ್ಟಿ ಮುಂದಿಟ್ಟುಕೊಂಡು ಮತ್ತೆ ಕೂತೆವು. ಗುಡ್ಡೆಯ ಮೇಲ್ಭಾಗ ಕಡಿದಾದ ಇಳಿಜಾರು. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡೆ ಜರಿದು ಬಂದದ್ದನ್ನು ನಾವು ಕಣ್ಣಾರೆ ನೋಡಿದವರು. ಅತಿ ಮಳೆಯ ಜೊತೆಗೆ ಇಳಿಜಾರನ್ನು ಅಗೆದು ಬದಲಿಸಿದ್ದೂ ಕೊಡಗಿನ ಆ ವರ್ಷದ ಕುಸಿತಗಳಿಗೆ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ದಾರೆ. ಮರ ಕಡಿದ ವರ್ಷ ಏನೂ ಆಗುವುದಿಲ್ಲ. ಸತ್ತ ಬೇರು ಕುಂಬಾಗಲು ಕೆಲವು ವರ್ಷ ಬೇಕು. ಮಣ್ಣಿನ ಹಿಡಿತ ಸಡಿಲುವುದು ಆಮೇಲೆ. ನಮ್ಮ ಮನೆ ಇರುವುದು ಆ ಇಳಿಜಾರಿನ ಕೆಳಗೆ. ಇದಕ್ಕೆ ತಮ್ಮನೂ ಎದುರು ಮಾತಾಡಲಿಲ್ಲ.

ಆದರೆ ಅವನ ಸಾಲ ಹಾಗೇ ಉಂಟಲ್ಲ? ಮರವನ್ನು ಉಳಿಸಿದೆವು ಅಂತ ಹೇಳಿಕೊಂಡು ತಮ್ಮನನ್ನು ಮುಳುಗಿಸುವುದು ನೆಂಟಸ್ತಿಕೆ ಅಲ್ಲ. ಕೊನೆಗೆ ಮಾಡಿದ್ದು ಹೀಗೆ. ಕೆಳಗಿನ ಸಮತಟ್ಟಾದ ಒಂದು ಎಕ್ರೆ ಅವನಿಗೆ, ತೋಟ ಮಾಡಲು. ಮೇಲಿನ ಮೂರು ಎಕ್ರೆ ಮೂವರಿಗೂ ಜಂಟಿ, ವಿಭಾಗ ಮಾಡತಕ್ಕದ್ದಲ್ಲ ಅಂತ ಪತ್ರದಲ್ಲೇ ಬರೆಸಿದೆವು. ಒತ್ತೊತ್ತಾಗಿ ಬೆಳೆದಿದ್ದ ಮರುವದಲ್ಲಿ ಒಂಬತ್ತು, ಗಾಳಿಗೆ ವಾಲಿದ್ದ ಎರಡು ಹೆಬ್ಬಲಸು ಅನುಮತಿ ತೆಗೆದು ಮಾರಿದೆವು. ಬಂದ ಹಣವೆಲ್ಲ ತಮ್ಮನಿಗೆ. ವ್ಯಾಪಾರಿ ಹೇಳಿದ 8 ಲಕ್ಷದ ಕಾಲುಭಾಗವೂ ಆಗಲಿಲ್ಲ. ಉಳಿದದ್ದಕ್ಕೆ ನಾವಿಬ್ಬರು ಸೇರಿ ಎರಡು ವರ್ಷ ಕೈ ಕೊಟ್ಟೆವು. ಸುಲಭವಾಗಿತ್ತು ಅಂತ ಹೇಳುವುದಿಲ್ಲ. ನನ್ನ ಮನೆಯ ಮಾಡಿನ ಕೆಲಸ ಇನ್ನೂ ಬಾಕಿ ಉಂಟು.

ಆ ಪೊಳ್ಳು ಶಾಂತಿ ಮರ ಬಿದ್ದದ್ದು ತಮ್ಮನ ಪಾಲಿನ ಎಕ್ರೆಗೆ. ನಾವು ಯಾರೂ ಅದರ ಬಗ್ಗೆ ಮಾತೆತ್ತಲಿಲ್ಲ. ಗುಂಡಿ ತೋಡುವಾಗ ಹೋಗಿ ನೋಡಿದರೆ ಅದರ ಸುತ್ತ ನೆರಳು ಬೀಳುವಷ್ಟು ಜಾಗ ಬಿಟ್ಟು ಗೂಟ ಹೊಡೆದಿದ್ದಾನೆ. ಇಪ್ಪತ್ತು ಸಸಿಯಾದರೂ ಇಡಬಹುದಾಗಿದ್ದ ಜಾಗ. 'ಅದು ಅಲ್ಲೇ ಇರಲಿ' ಅಂದ, ಅಷ್ಟೆ.

ನೀವೂ ಒಂದು ಪಟ್ಟಿ ಮಾಡಿ

ಪಾಲು ಇರಲಿ, ಇಲ್ಲದಿರಲಿ, ನಿಮ್ಮ ಗುಡ್ಡೆಯ ಮರಗಳನ್ನು ಒಮ್ಮೆ ಎಣಿಸಿ. ಹೆಸರು ಗೊತ್ತಿಲ್ಲದ್ದನ್ನು ಮನೆಯ ಹಿರಿಯರ ಹತ್ತಿರ, ಸೊಪ್ಪು ಕಡಿಯಲು ಬರುವವರ ಹತ್ತಿರ ಕೇಳಿ. ಅವರ ನಂತರ ಹೇಳುವವರು ಸಿಗಲಿಕ್ಕಿಲ್ಲ. ಪ್ರತಿ ಮರದ ಎದುರು ನಾಲ್ಕು ವಿಷಯ ಬರೆಯಿರಿ: ಯಾವಾಗ ಎಲೆ ಉದುರಿಸುತ್ತದೆ, ಯಾವಾಗ ಹೂ, ಯಾವಾಗ ಬೀಜ, ಯಾರು ಯಾರು ಬಂದು ಉಣ್ಣುತ್ತಾರೆ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ, ಬರೆಯುವ ಕೆಲಸ ಅವರಿಗೇ ಕೊಡಿ.

ರುಚಿಯಾದ ಹಲಸು, ಮಾವು ಇದ್ದರೆ ಈ ವರ್ಷವೇ ಎರಡು ಕಸಿ ಮಾಡಿ, ಒಂದನ್ನು ಬೇರೆಯವರ ಜಾಗದಲ್ಲಿ ಇಡಿ. ಸೊಪ್ಪು ಸವರುವಾಗ ತುದಿ ಕುಡಿ ಬಿಟ್ಟು ಸವರಿ, ಒಂದೇ ಮರಕ್ಕೆ ಪ್ರತಿ ವರ್ಷ ಕೈ ಹಾಕಬೇಡಿ. ಪಡುಬದಿಯ ಸಾಲನ್ನು ಮುಟ್ಟಬೇಡಿ. ಪೊಳ್ಳು ಮರ ಮನೆಗೆ, ದಾರಿಗೆ ಬೀಳುವ ಅಪಾಯವಿಲ್ಲದಿದ್ದರೆ ಒಂದಾದರೂ ನಿಲ್ಲಲಿ. ಕಡಿಯಲೇಬೇಕಾದರೆ ಕಡಿಯಿರಿ, ನಾವು ಮರದಿಂದಲೇ ಬದುಕುವವರು. ಆದರೆ ಹೆಸರು ತಿಳಿದು ಕಡಿಯಿರಿ, ಅದರದ್ದೇ ಬೀಜದ ಸಸಿ ಎಲ್ಲಿದೆ ಎಂದು ನೋಡಿಟ್ಟು ಕಡಿಯಿರಿ.

ನಮ್ಮ ಪಟ್ಟಿಯಲ್ಲಿ 186 ಇತ್ತು. ಹನ್ನೊಂದು ಹೋಗಿ ಈಗ 175. ಕಳೆದ ಎರಡು ಮಳೆಗಾಲದಲ್ಲಿ ಊರಿದ ಧೂಪ, ಕಿರಾಲುಬೋಗಿ, ರಾಮಪತ್ರೆಯ ಸಸಿಗಳಲ್ಲಿ 60 ಬದುಕಿವೆ. ಅವು ಒಂದು ಅಡಿ ದಪ್ಪವಾಗಿ ಪಟ್ಟಿಗೆ ಸೇರುವಾಗ ಎಣಿಸುವವರು ಬೇರೆಯವರು.